ಹೆಸರು ಹಾಕಿಸಿದ ಭಾಂಡೆ

ನಮ್ಮ ಮನೆಯ ಒಂದು ಖೋಲಿಗೆ ಗಟ್ಟಿಮುಟ್ಟಾದ ಸಾಗವಾನಿ ಬಾಗಿಲಿದೆ. ಒಳಗಿನಿಂದ ಹಾಕಿಕೊಳ್ಳಲು ಚಿಲಕವಿದೆ. ಹಿತ್ತಲ ಕಡೆಗೆ ಒಂದು ಕಿಟಕಿಯೂ ಇದೆ. ಆದರೆ ಮೊನ್ನೆ ದಸರೆಯವರೆಗೆ ಅದರೊಳಗೆ ಮನುಷ್ಯರು ಕಾಲಿಡಲು ಜಾಗವಿರಲಿಲ್ಲ. ಗಜೇಂದ್ರಗಡದ ಈ ಮನೆಗೆ ನಾನು ಸೊಸೆಯಾಗಿ ಬಂದಾಗಲೇ ಅದು ಭಾಂಡೆ ಖೋಲಿಯಾಗಿತ್ತು. ಕೊಡ, ಡಬರಿ, ಪರಾತ, ತಂಬಿಗೆ, ಗಂಗಾಳ, ಡಬ್ಬಿ. ಮನೆಯಲ್ಲಾದ ಮದುವೆ, ಕುಬಸ, ನಾಮಕರಣಗಳಿಗೆ ಬಂದವರು ಆಯೇರಿ ಎಂದು ಕೊಟ್ಟ ಉಡುಗೊರೆಯೆಲ್ಲ ಅಲ್ಲಿ ಹೋಗಿ ಕೂತಿತ್ತು. ನನ್ನ ಅತ್ತೆ ಕಳಕವ್ವ ಬಂದದ್ದನ್ನು ಬೇಡ ಎನ್ನುವವರಲ್ಲ, ಇದ್ದದ್ದನ್ನು ಬಳಸುವವರೂ ಅಲ್ಲ.

"ಒಂದ ದೊಡ್ಡ ಕಾರ್ಯೇ ಬಂತಂದ್ರ ಬೇಕಾಗ್ತಾವ, ಇರ್ಲಿ" ಎನ್ನುತ್ತಿದ್ದರು. ದೊಡ್ಡ ಕಾರ್ಯ ಬಂದಾಗ ಕಲ್ಯಾಣಮಂಟಪದವರೇ ಪಾತ್ರೆ ಕೊಟ್ಟರು. ನಮ್ಮವು ಇದ್ದಲ್ಲೇ ಇದ್ದವು.

ಮಹಾನವಮಿಗೆ ಮೊದಲು ನಮ್ಮ ಕಡೆ ಮನೆಯ ಕೌದಿ, ಹಾಸಿಗೆ, ಭಾಂಡೆ ಎಲ್ಲವೂ ಹೊರಗೆ ಬಂದು ನೀರು ಕಾಣಬೇಕು. ಹೀಗಾಗಿ ಪ್ರತಿ ವರ್ಷ ಆ ಖೋಲಿಯನ್ನು ಖಾಲಿ ಮಾಡಿ, ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಮತ್ತೆ ಕತ್ತಲೊಳಗೆ ಒಂದರ ಮೇಲೊಂದು ಕೂಡಿಸುವುದು ನನ್ನ ಕೆಲಸ. ಒಂದು ಹೊತ್ತಿನ ಸಾರೂ ಕುದಿಯದ ಪಾತ್ರೆಗಳಿಗಾಗಿ ನನ್ನ ಸೊಂಟ ಹಿಡಿದುಕೊಳ್ಳುತ್ತಿತ್ತು. ಹೇಳಿದರೆ ಅತ್ತೆ, "ನಾ ಬರೂಮಟ ನಮ್ಮತ್ತಿ ತಿಕ್ಕಿದ್ಲು, ನೀ ಬರೂಮಟ ನಾ ತಿಕ್ಕಿದೆ" ಎಂದುಬಿಡುತ್ತಿದ್ದರು. ಮುಂದೆ ಯಾರು ತಿಕ್ಕಬೇಕು ಎಂದು ಅವರು ಹೇಳುತ್ತಿರಲಿಲ್ಲ. ನನಗೆ ಮಾತ್ರ ಮಗಳ ಕೈ ಕಾಣಿಸುತ್ತಿತ್ತು.

ಮಗಳು ಶೈಲಶ್ರೀ ಈಗ ಹತ್ತನೆಯ ತರಗತಿ. ಪಡಸಾಲೆಯಲ್ಲಿ ಅಜ್ಜಿಯ ಪಕ್ಕ ಮಲಗುತ್ತಾಳೆ. ನನ್ನ ಗಂಡ ಮುತ್ತಣ್ಣನವರದು ಕಾಳಿನ ವ್ಯಾಪಾರ. ಹಳ್ಳಿಗಳಿಂದ ಕಡಲೆ, ಜೋಳ ತಂದವರು ಅಂಗಡಿ ತೆರೆಯುವವರೆಗೆ ಕಾಯುವುದಿಲ್ಲ, ನೇರ ಮನೆಗೆ ಬಂದು ಪಡಸಾಲೆಯಲ್ಲಿ ಕೂಡುತ್ತಾರೆ. ದಸರೆ ರಜೆ ಹತ್ತಿರವಾದಾಗ ಒಂದು ಮುಂಜಾನೆ ಹೀಗೆಯೇ ನಾಲ್ಕಾರು ಜನ ಬಂದರು. ಹುಡುಗಿ ಇನ್ನೂ ಎದ್ದಿರಲಿಲ್ಲ. ಅವಳಿಗೆ ಎಚ್ಚರವಾದಾಗ ಸುತ್ತ ಗಂಡಸರು. ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡವಳು ಹಾಗೆಯೇ ಮಲಗಿಬಿಟ್ಟಳು. ಅವರು ಚಹಾ ಕುಡಿದು, ದರ ಮಾತಾಡಿ, ತಂಬಾಕು ತಿಕ್ಕಿ, ಮಳೆಯ ಸುದ್ದಿ ಮುಗಿಸಿ ಏಳುವವರೆಗೆ ಆ ಕೌದಿ ಅಲುಗಾಡಲಿಲ್ಲ. ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಅದನ್ನೇ ನೋಡುತ್ತಿದ್ದೆ.

ಅವರು ಹೋದ ಮೇಲೆ ಅವಳು ಅಳಲಿಲ್ಲ. ಕೌದಿ ಮಡಚುತ್ತ, "ಅವ್ವಾ, ನಂಗ ಖೋಲಿ ಬ್ಯಾಡ. ಬರೇ ಒಂದು ಬಾಗಲಾ ಸಾಕು. ಒಳಗಿಂದ ಹಾಕ್ಕೊಳ್ಳಾಕ ಬರೂವಂಥಾದ್ದು" ಎಂದಳು.

ಬಾಗಿಲು ಇತ್ತು. ಅದರ ಹಿಂದೆ ಭಾಂಡೆಗಳಿದ್ದವು.

ಅವತ್ತೇ ಅತ್ತೆಯ ಹತ್ತಿರ ಮಾತು ತೆಗೆದೆ. ಯಾರಿಗಾದರೂ ಕೊಟ್ಟುಬಿಡೋಣ ಎಂದೆ. "ಮನಿ ಭಾಂಡೆ ಪುಕ್ಕಟ ಹೊರಗ ಹೋಗಬಾರದು" ಎಂದರು. ಮೋಡಕಾ, ಗುಜರಿ ಸಾಮಾನು ಕೊಳ್ಳುವ ರಮಜಾನಸಾಬನಿಗೆ ಹಾಕೋಣ ಎಂದೆ. "ತಕ್ಕಡ್ಯಾಗ ಹಾಕಿ ತೂಗತಾನ. ಮಂದಿ ಪ್ರೀತಿಲೆ ಕೊಟ್ಟದ್ದನ್ನ ಕಿಲೋದ ಲೆಕ್ಕಕ್ಕ ಮಾರ್ತಿಯೇನು?" ಎಂದರು. ಎರಡೂ ಕಡೆ ಬಾಗಿಲು ಮುಚ್ಚಿದಂತಾಯಿತು.

ಆಗ ಶೈಲಾ ಫೋನು ಹಿಡಿದುಕೊಂಡು ಬಂದಳು. ಪರದೇಶದಲ್ಲಿ ಮಂದಿ ಮನೆಗೆ ಬೇಡವಾದ ಸಾಮಾನನ್ನು ಗಾಡಿ ನಿಲ್ಲಿಸುವ ಜಾಗದಲ್ಲಿ ಹರವಿ, ಒಂದೊಂದಕ್ಕೂ ಬೆಲೆಯ ಚೀಟಿ ಅಂಟಿಸಿ ಮಾರುತ್ತಾರಂತೆ. ಕೊಂಡವರು ಬಳಸುತ್ತಾರೆ, ಕೊಟ್ಟವರ ಮನೆ ಖಾಲಿಯಾಗುತ್ತದೆ.

"ಗ್ಯಾರೇಜ್ ಸೇಲ್ ಅಂತಾರ ಆಯೀ."

"ಗ್ಯಾರೇಜ್ ಟಿಪ್ಪುಸಾಬನದಲ್ಲ? ಅವನ್ನ ಕೇಳೀರೇನು?" ಎಂದರು ಅತ್ತೆ. ಪಕ್ಕದಲ್ಲೇ ಟಿಪ್ಪುಸಾಬನ ಮೋಟರ್ ರಿಪೇರಿ ಶೆಡ್ಡಿದೆ. ನಮಗೆ ನಗು ಬಂತು. ಆದರೆ ಅತ್ತೆ ಯೋಚನೆ ಮಾಡುತ್ತಿದ್ದರು. ಮೊಮ್ಮಗಳ ಆ ಮುಂಜಾನೆಯನ್ನು ಅವರೂ ಪಕ್ಕದ ಹಾಸಿಗೆಯಲ್ಲಿ ಕೂತು ಕಂಡಿದ್ದರು. ಕಡೆಗೆ ಎಲೆಯಡಿಕೆಯ ಸಂಚಿ ಬಿಚ್ಚುತ್ತ ಕರಾರು ಹಾಕಿದರು.

"ಮಾರ್ರಿ. ಆದ್ರ ಬಳಸೂವರಿಗೆ ಮಾರಬೇಕು, ತೂಗೂವರಿಗಲ್ಲ. ಪುಕ್ಕಟ ಒಂದ ಚಮಚಾ ಕೊಡಬಾರದು. ದೀಪಾ ಹಚ್ಚೂ ಹೊತ್ತಿಗೆ ಏನ ಉಳಿತೈತಿ ಅದು ತಿರಗಿ ಖೋಲಿಗೆ ಹೋಗಬೇಕು. ಆಮ್ಯಾಲ ಮತ್ತ ಖೋಲಿ ಮಾತು ತಗೀಬ್ಯಾಡ್ರಿ."

ಒಪ್ಪಿದೆ. ಹೇಗೂ ದಸರೆಗೆ ಎಲ್ಲ ಹೊರಗೆ ಬರುತ್ತವೆ. ಈ ಸಲ ಅವು ಒಳಗೆ ಹೋಗದಂತೆ ನೋಡಿಕೊಂಡರಾಯಿತು.

ಇಷ್ಟು ಚೆನ್ನಾಗಿ ನಾನು ಯಾವ ಕೆಲಸಕ್ಕೂ ತಯಾರಿ ಮಾಡಿಕೊಂಡವಳಲ್ಲ. ಹಳ್ಳಿಯ ಜನರೆಲ್ಲ ಊರಿಗೆ ಬರುತ್ತಾರೆಂದು ಸಂತೆಯ ದಿನವನ್ನೇ ಆರಿಸಿದೆ. ಟಿಪ್ಪುಸಾಬ ಮನೆಯ ಮುಂದಿನ ಕಟ್ಟೆಗೆ ನೆರಳಾಗಿ ತನ್ನ ತಾಡಪತ್ರಿ ಕಟ್ಟಿಕೊಟ್ಟ, ಎರಡು ಬೆಂಚು ಕೊಟ್ಟ. ದೊಡ್ಡವು ಹಿಂದೆ, ಸಣ್ಣವು ಮುಂದೆ, ಗಾಜಿನವು ಕಟ್ಟೆಯ ಮೇಲೆ ಎಂದು ಹೊಂದಿಸಿದೆ. ಚಿಲ್ಲರೆ ತಂದಿಟ್ಟುಕೊಂಡೆ, ಸುತ್ತಿಕೊಡಲು ಹಳೇ ಪೇಪರು ಇಟ್ಟುಕೊಂಡೆ. ಅದಕ್ಕಿಂತ ಮೊದಲು ಎಲ್ಲ ಭಾಂಡೆಗಳನ್ನೂ ಎಂದಿಗಿಂತ ಹೆಚ್ಚು ತಿಕ್ಕಿದೆ. ಹೊಳೆದರೆ ತಾನೇ ಕೊಳ್ಳುವವರು ನಿಲ್ಲುವುದು? ಶೈಲಾ ಮುದ್ದಾದ ಅಕ್ಷರದಲ್ಲಿ ಬೆಲೆ ಬರೆದು ಚೀಟಿ ಅಂಟಿಸಿದಳು. ಬೆಳಿಗ್ಗೆ ತಾಡಪತ್ರಿಯ ಕೆಳಗೆ ಬಿಸಿಲು ಬಿದ್ದಾಗ ನಮ್ಮ ಕಟ್ಟೆ ಬಂಗಾರದ ಅಂಗಡಿಯ ಹಾಗೆ ಮಿಂಚಿತು.

ಮೊದಲು ಬಂದ ಹೆಣ್ಣುಮಗಳು ಒಂದು ಡಬರಿ ಎತ್ತಿಕೊಂಡಳು. ತಟ್ಟಿ ನೋಡಿದಳು, ದಪ್ಪ ನೋಡಿದಳು, ಬೆಲೆಗೂ ಒಪ್ಪಿದಳು. ರೊಕ್ಕ ತೆಗೆಯುವ ಮುಂಚೆ ಅದನ್ನು ತಿರುಗಿಸಿದಳು.

"ಇದು ಈಶಪ್ಪನವರ ಡಬರಿ ಐತಲ್ರಿ?"

"ಅಲ್ರಿ, ನಮ್ಮದ. ಈಶಪ್ಪನವರು ನಮ್ಮ ಮದುವ್ಯಾಗ ಆಯೇರಿ ಮಾಡಿದ್ದು."

"ಹೆಸರು ಅವರದ ಐತಿ" ಎಂದು ಕೆಳಗಿಟ್ಟಳು. "ನಾ ಇದನ್ನ ಒಯ್ದು ಒಲಿ ಮ್ಯಾಲ ಇಟ್ಟರ, ಬಂದವರು ಏನಂತಾರ್ರೀ? ಈಶಪ್ಪನವರ ಭಾಂಡೆ ಈಕಿ ಮನ್ಯಾಗ ಹ್ಯಾಂಗ ಬಂತು ಅನ್ನೂದಿಲ್ಲೇನು?"

ಸುತ್ತಿಕೊಡಲು ತೆಗೆದ ಪೇಪರನ್ನು ಮತ್ತೆ ಮಡಚಿಟ್ಟೆ. ನಮ್ಮ ಕಡೆ ಆಯೇರಿ ಕೊಡುವವರು ಅಂಗಡಿಯಲ್ಲೇ ಭಾಂಡೆಯ ಕುತ್ತಿಗೆಗೆ ಹೆಸರು ಹಾಕಿಸಿ ತರುತ್ತಾರೆ. ಯಾರು ಕೊಟ್ಟರೆಂದು ನೆನಪಿರಲಿ ಎಂದು. ಮನೆಯವರೂ ತಮ್ಮ ಭಾಂಡೆಗೆ ಹೆಸರು ಹಾಕಿಸುತ್ತಾರೆ, ಮಂದಿಯ ಮದುವೆಗೆ ಕೊಟ್ಟದ್ದು ತಿರುಗಿ ಬರಲಿ ಎಂದು. ಹೀಗಾಗಿ ಬೇರೆಯವರ ಹೆಸರಿದ್ದ ಪಾತ್ರೆ ಮನೆಯಲ್ಲಿ ಕಂಡರೆ ಅದು ಒಂದೋ ಆಯೇರಿ, ಇಲ್ಲವೋ ಕಡ, ಇಲ್ಲವೋ ಕಳವು. ಕೊಂಡದ್ದು ಎಂದು ಯಾರೂ ನಂಬುವುದಿಲ್ಲ. ಈ ಮಾತು ನಮ್ಮ ಊರಿನ ಪ್ರತಿ ಮಗುವಿಗೂ ಗೊತ್ತು. ನನಗೂ ಗೊತ್ತು. ಆದರೆ ವರ್ಷ ವರ್ಷವೂ ತಿಕ್ಕಿದ ಹೆಸರುಗಳು, ಅವು ಕಣ್ಣಿಗೆ ಗೀರುಗಳಾಗಿಬಿಟ್ಟಿದ್ದವು. ಈಗ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಕ್ಕೆ ಒಂದೊಂದು ಅಕ್ಷರವೂ ದೂರದಿಂದಲೇ ಓದುವಂತಿತ್ತು. ಶೈಲಾ ಪಾಪ, ಚೀಟಿಗಳನ್ನು ನೀಟಾಗಿ ಕಾಣಲೆಂದು ಒಂದೊಂದು ಹೆಸರಿನ ಕೆಳಗೇ ಸರಿಯಾಗಿ ಅಂಟಿಸಿದ್ದಳು.

ಹೆಸರಿಲ್ಲದವು ಹೋದವು. ಗೋಡೆ ಗಡಿಯಾರಗಳು, ಲೆಮನ್ ಸೆಟ್ಟುಗಳು, ಪ್ಲಾಸ್ಟಿಕ್ ಬುಟ್ಟಿಗಳು. ಅವು ಖೋಲಿಯ ಒಂದು ಮೂಲೆಯಷ್ಟೂ ಅಲ್ಲ. ಹೆಸರಿದ್ದವನ್ನು ಎಲ್ಲರೂ ಎತ್ತಿದರು, ತಿರುಗಿಸಿದರು, ಓದಿದರು, ಇಟ್ಟರು.

ಹೆಸರನ್ನು ಲೆಕ್ಕಿಸದ ಒಬ್ಬಳು ಸಿಕ್ಕಳು, ಬೇರೆ ತಾಲೂಕಿನವಳು. ದೊಡ್ಡ ಪರಾತವನ್ನು ಕೊಳ್ಳುತ್ತೇನೆ ಎಂದಳು. ನಾನು ಪೇಪರು ಬಿಚ್ಚುವಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅತ್ತೆ ವಿಚಾರಣೆ ಶುರು ಮಾಡಿದರು.

"ಮನ್ಯಾಗ ಎಷ್ಟ ಮಂದಿ ಅದೀರವಾ?"

"ಮೂರ ಮಂದಿ ಅದೀವ್ರಿ."

"ಮೂರ ಮಂದಿ ರೊಟ್ಟಿ ಹಿಟ್ಟಿಗೆ ಇಷ್ಟ ದೊಡ್ಡ ಪರಾತ ಯಾಕಬೇಕು? ಇದು ಐವತ್ತ ಮಂದಿ ಹಿಟ್ಟ ನಾದೂ ಪರಾತ."

"ಹೆಂಗಾರ ಬಳಸ್ತೀನ್ರಿ ಅಜ್ಜಿ."

"ಹೆಂಗಾರ ಅಂದ್ರ? ಕೋಳಿ ಮ್ಯಾಲ ಬೋರಲ ಹಾಕ್ತಿಯೇನು?"

ಆಕೆ ಪರಾತ ಇಟ್ಟು ಹೋದಳು. ನಾನು ಅತ್ತೆಯ ಕಡೆ ನೋಡಿದೆ. "ಬಳಸೂವರಿಗೆ ಅಂತ ಮೊದಲ ಹೇಳಿಲ್ಲೇನು ನಾ?" ಎಂದರು. ಅವರು ಕೇಡು ಬಯಸಿ ಹಾಗೆ ಮಾಡಲಿಲ್ಲ. ಹೆಣ್ಣು ಕೊಡುವ ಮುಂಚೆ ಮನೆತನ ಕೇಳುವಂತೆ ಕೇಳುತ್ತಿದ್ದರು, ಅಷ್ಟೇ. ಮೈಯೆಲ್ಲ ಉರಿದರೂ ನುಂಗಿಕೊಂಡೆ. ಒಳಗೆ ಹೋಗಿ ಒಲೆಯ ಮೇಲಿನ ಬೇಳೆ ನೋಡಿಬಂದೆ, ಬೇಳೆ ಬೇಯುತ್ತಿತ್ತು. ಅದೊಂದಾದರೂ ನಾನು ಹೇಳಿದಂತೆ ನಡೆಯುತ್ತಿತ್ತು.

ಟಿಪ್ಪುಸಾಬನಿಗೆ ನಮ್ಮ ಗೋಳು ನೋಡಲಾಗಲಿಲ್ಲ. "ಅಕ್ಕಾ, ಹೆಸರ ಒಂದ ತ್ರಾಸ ಅಲ್ರಿ? ನನ್ನ ಗ್ರೈಂಡರ್ ಐತಿ. ಎರಡ ನಿಮಿಷದಾಗ ಸವಸಿ ಕೊಡ್ತೀನಿ" ಎಂದ. ಒಂದು ಸ್ಟೀಲ್ ತಂಬಿಗೆ ಕೊಟ್ಟೆ. ಶೆಡ್ಡಿನಿಂದ ಕಿಡಿಗಳು ಹಾರಿದವು, ಕಿವಿ ಸೀಳುವ ಶಬ್ದ ಬಂತು. ಆಮೇಲೆ ಬಹಳ ಹೊತ್ತು ಯಾವ ಶಬ್ದವೂ ಬರಲಿಲ್ಲ. ಟಿಪ್ಪುಸಾಬ ತಂಬಿಗೆಯನ್ನು ಬೆಳಕಿಗೆ ಹಿಡಿದುಕೊಂಡು ಬಂದ. ಹೆಸರಿದ್ದ ಜಾಗದಲ್ಲಿ ಬೆರಳು ಹೋಗುವಷ್ಟು ತೂತು.

"ಹೆಸರಂತೂ ಹೋತ್ರಿ ಅಕ್ಕಾ" ಎಂದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಲ್ಲೇ ಇಡಪಾ" ಎಂದು ಕಳಿಸಿದೆ. ಯಾರ ತಂಬಿಗೆ ಎಂದು ಆಗ ನಾನು ಓದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಜಾರದ ಕಿರಾಣಿ ಗುರುಸಂಗಪ್ಪನವರು ನಮ್ಮ ಮುಂದೆ ಸೈಕಲ್ ನಿಲ್ಲಿಸಿದರು. ಭಾಂಡೆಗಳನ್ನು ಮೇಲಿಂದ ಕೆಳಗೆ ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಏನ್ರಿ ತಂಗಿ, ಮುತ್ತಣ್ಣ ಊರ ಬಿಡೂ ವಿಚಾರ ಮಾಡ್ಯಾನೇನು?" ಎಂದು ಕೇಳಿದರು. ಇಲ್ಲ ಎಂದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಗಂಡನೇ ಅಂಗಡಿ ಬಿಟ್ಟು ಬಂದರು. ಮುಖ ಕೆಂಪಗಾಗಿತ್ತು.

"ಬಜಾರದಾಗ ನನ್ನ ದಿವಾಳಿ ಎದ್ದೈತಂತ. ಗೊತ್ತೈತೇನು ನಿನಗ?"

"ಮಗಳಿಗೆ ಒಂದು ಬಾಗಲಾ ಮಾಡಾಕತ್ತೀನಿ" ಎಂದೆ.

"ಬಾಗಲಾ ಮಾಡಾಕ ಬಡಿಗ್ಯಾ ಇಲ್ಲೇನು ಊರಾಗ?"

ಬಾಗಿಲು ಇದೆಯೆಂದೂ, ಅದರ ಹಿಂದಿನ ಜಾಗ ಬೇಕಾಗಿದೆಯೆಂದೂ ಅವರಿಗೆ ಎಷ್ಟು ಸಲ ಹೇಳಿದ್ದೆನೋ. ಅವರು ಶೈಲಾಳನ್ನು ನೋಡಿದರು. ಅವಳು ಬೆಂಚಿನ ತುದಿಯಲ್ಲಿ ಕೂತು ಉಗುರು ಕಡಿಯುತ್ತಿದ್ದಳು. ಆಮೇಲೆ ಅಂಗಡಿಗೆ ತಿರುಗಿ ಹೋದರು.

ಬಿಸಿಲು ತಾಡಪತ್ರಿಯ ಆಚೆಗೆ ಸರಿಯಿತು. ಭಾಂಡೆಗಳು ಹಾಗೆಯೇ ಮಿಂಚುತ್ತಿದ್ದವು. ಇನ್ನೇನು, ಸಂಜೆಗೆ ಇವನ್ನೆಲ್ಲ ನಾನೇ ಹೊತ್ತು ಒಳಗೆ ಕೂಡಿಸಬೇಕು ಎಂದು ಲೆಕ್ಕ ಹಾಕುತ್ತಿದ್ದಾಗ ಪುರ್ತಗೇರಿಯ ಮಾಯವ್ವ ಬಂದಳು. ನನ್ನ ಗಂಡನ ದೊಡ್ಡಪ್ಪನ ಮಗ ಮಲ್ಲೇಶಪ್ಪನ ಹೆಂಡತಿ, ನನಗೆ ಅಕ್ಕ. ಸಂತೆಗೆ ಬಂದಾಗಲೆಲ್ಲ ನಮ್ಮಲ್ಲಿ ಚಹಾ ಕುಡಿದೇ ಟಂಟಂ ಗಾಡಿ ಹತ್ತುವುದು ಅವಳ ರೂಢಿ. ಉಳ್ಳಾಗಡ್ಡಿಯ ಚೀಲವನ್ನು ಕಟ್ಟೆಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಏನವಾ ಅನ್ನಪೂರ್ಣಾ, ದಸರಾದ ಭಾಂಡೆ ತಿಕ್ಕೀಯೇನು? ಭಾಳ ಚಂದ ಹೊಳ್ಯಾಕತ್ತಾವ ನೋಡು!"

ನಾನು ಬೆಂಚಿಗೆ ಅಡ್ಡವಾಗಿ ನಿಂತೆ. "ಒಳಗ ಬಾ ಅಕ್ಕಾ, ಚಾ ಇಡ್ತೀನಿ" ಎಂದೆ.

"ತಡಿ, ನಮ್ಮ ಕೊಡಾ ಕಾಣಾಕತ್ತೈತಿ" ಎಂದು ಖುಷಿಯಿಂದ ಬಗ್ಗಿದಳು. ತಮ್ಮ ಹೆಸರನ್ನು ಬೆರಳಿನಿಂದ ಸವರಿದಳು. ಆ ಬೆರಳು ಚೀಟಿಗೆ ಬಂದು ನಿಂತಿತು. ಮೆಲ್ಲಗೆ ಓದಿದಳು.

"ಮಲ್ಲೇಶಪ್ಪ, ಮಾಯವ್ವ, ಪುರ್ತಗೇರಿ. ನೂರಾ ಇಪ್ಪತ್ತು ರೂಪಾಯಿ." ತಲೆಯೆತ್ತಿ ನನ್ನನ್ನು ನೋಡಿದಳು. "ಇಬ್ಬರಿಗೂ ಕೂಡಿ ನೂರಾ ಇಪ್ಪತ್ತೋ, ಒಬ್ಬೊಬ್ಬರಿಗೆ ನೂರಾ ಇಪ್ಪತ್ತೋ?"

"ಅಕ್ಕಾ..."

"ಅಲ್ಲಾ, ಕೇಳ್ತೀನಿ. ನಿಮ್ಮ ಭಾವ ಗದಗದಿಂದ ಬಸ್ಸಿನಾಗ ತೊಡಿ ಮ್ಯಾಲ ಕುಂದರಿಸಿಕೊಂಡು ತಂದ ಕೊಡಾ ಇದು. ನೆಗ್ಗಬಾರದು ಅಂತ ಟಾವೆಲ್ ಸುತ್ತಿದ್ದ. ಅವಂಗೂ ಒಂದು ಚೀಟಿ ಅಂಟಸು."

ಶೈಲಾ ಎದ್ದು ನಿಂತಳು. ಅವಳ ಕಣ್ಣು ತುಂಬಿತ್ತು. ಅದೇ ಹೊತ್ತಿಗೆ, ದೇವರು ನೋಡಿ ಕಳಿಸಿದ ಹಾಗೆ, ಟಿಪ್ಪುಸಾಬ ಶೆಡ್ಡಿನಿಂದ ಓಡಿ ಬಂದ. "ಅಕ್ಕಾ, ತೂತಿಗೆ ಬೆಸಗಿ ಹಾಕೇನ್ರಿ, ನೀರ ಹಾಕಿ ನೋಡೇನಿ, ಹನಿ ಸೋರಾಂಗಿಲ್ಲ!"

ಮಾಯವ್ವ ಅವನ ಕೈಯಿಂದ ತಂಬಿಗೆ ತೆಗೆದುಕೊಂಡಳು. "ಇದು ಶೈಲಾನ ತೊಟ್ಟಲಕ್ಕ ನಾವು ಕೊಟ್ಟದ್ದು. ಕಂಠಾ ನೋಡಿದ್ರ ಗೊತ್ತಾಗ್ತೈತಿ. ನಮ್ಮ ಹೆಸರ ಎಲ್ಲಿ ಹೋತು?"

"ಅದನ್ನ ತಗೀಯಾಕ ಹೋಗೇ ತೂತ ಬಿತ್ತಲ್ರಿ" ಎಂದ ಟಿಪ್ಪುಸಾಬ, ಎಲ್ಲಿ ನಿಂತಿದ್ದೇನೆಂಬ ಅರಿವಿಲ್ಲದೆ.

ಅತ್ತೆ ಅಡಕೊತ್ತನ್ನು ಕೈಲಿ ಹಿಡಿದು ಅಡಿಕೆಯನ್ನು ಕತ್ತರಿಸದೆ ಕೂತಿದ್ದರು. ನಾನು ಮಾಯವ್ವನ ಮುಂದೆ ನಿಂತು ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಪಡಸಾಲೆ, ಕಾಳಿನವರು, ಕೌದಿ, ಬಾಗಿಲು. ಮಾತು ಹಿಂದೆ ಮುಂದೆ ಆಯಿತು. ಅವಳು ಪೂರ್ತಿ ಕೇಳಿದಳು.

"ಹುಡುಗಿಗೆ ಖೋಲಿ ಬೇಕಾದ್ರ ಒಂದ ಮಾತ ಹೇಳಬೇಕಿತ್ತು. ನಾನ ಬಂದು ಹೊತಗೊಂಡ ಹೋಗತಿದ್ದೆ" ಎಂದಳು. "ಕಟ್ಟಿ ಮ್ಯಾಲ ಇಟ್ಟು ಊರಿಗೆಲ್ಲಾ ಓದಸೂದೇನಿತ್ತು?"

"ಹಂಗಾರ ಈಗ ಒಯ್ಯಿ ಅಕ್ಕಾ. ರೊಕ್ಕ ಬ್ಯಾಡ."

"ಪುಕ್ಕಟ ಒಯ್ಯಾಕ ನಾ ಏನು ಬೇಡಾಕ ಬಂದೀನೇನು? ಚೀಟ್ಯಾಗ ಬರದಷ್ಟು ತಗೋ." ಸೊಂಟದ ಚೀಲ ಬಿಚ್ಚಿ ನೋಟುಗಳನ್ನು ನನ್ನ ಅಂಗೈಯಲ್ಲಿ ತುರುಕಿದಳು. ಕೊಡವನ್ನು ಕಂಕುಳಿಗೆ ಏರಿಸಿ, ತೂತು ಮುಚ್ಚಿದ ತಂಬಿಗೆಯನ್ನು ಅದರೊಳಗೆ ಹಾಕಿದಳು. ಉಳ್ಳಾಗಡ್ಡಿ ಚೀಲ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಶೈಲಾ, ನಿನ್ನ ಮದುವ್ಯಾಗ ಇದ ಕೊಡಾ, ಇದ ತೂತಿನ ತಂಬಿಗಿನ ಆಯೇರಿ ಮಾಡ್ತೀನಿ. ನಿಮ್ಮವ್ವ ಹ್ಯಾಂಗ ಬ್ಯಾಡ ಅಂತಾಳ ನೋಡೂಣು."

ಚಹಾ ಕುಡಿಯದೆ ಹೋದಳು.

ನನಗೆ ಸಾಕಾಗಿತ್ತು. ಎಲ್ಲ ಒಳಗೆ ಒಯ್ಯೋಣ ಎಂದು ಶೈಲಾಳಿಗೆ ಹೇಳಿದೆ. ಅವಳು ಅಲ್ಲಾಡಲಿಲ್ಲ. "ದೀಪ ಹಚ್ಚೂಮಟ ಅಂತ ಆಯಿ ಹೇಳ್ಯಾಳ. ಇನ್ನೂ ಹೊತ್ತೈತಿ" ಎಂದಳು ಹಟದಿಂದ.

ಮಾಯವ್ವ ಸಂತೆಯ ನಡುವಿನಿಂದಲೇ ಹೋಗಿದ್ದಳು. ಕೇಳಿದವರಿಗೆಲ್ಲ ಹೇಳುತ್ತಲೇ ಹೋಗಿರಬೇಕು. ಏಕೆಂದರೆ ಸ್ವಲ್ಪ ಹೊತ್ತಿನಲ್ಲಿ ಈಶಪ್ಪನವರು ಸ್ಕೂಟರಿನಲ್ಲಿ ಬಂದರು. ಕೆಳಗಿಳಿಯಲಿಲ್ಲ, ನನ್ನ ಮುಖ ನೋಡಲಿಲ್ಲ. ಎದುರಿನ ಗೋಡೆಗೆ ಹೇಳುವಂತೆ, "ನಮ್ಮವು ಎಷ್ಟದಾವ? ಎಲ್ಲಾ ಚೀಲದಾಗ ಹಾಕ್ರಿ" ಎಂದರು. ಹಾಕಿದೆವು. ರೊಕ್ಕ ಎಣಿಸದೆ ಕೊಟ್ಟು ಹೋದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ರೋಣದ ಬಸ್ಸಿಗೆ ನಿಂತಿದ್ದವರೂ ಬಸ್ಸು ಬಿಟ್ಟು ಬಂದರು. ಯಾರೂ ಭಾಂಡೆಯ ದಪ್ಪ ನೋಡಲಿಲ್ಲ, ತಟ್ಟಿ ಶಬ್ದ ಕೇಳಲಿಲ್ಲ. ಬಗ್ಗಿ ಹೆಸರು ಹುಡುಕಿದರು. ತಮ್ಮದು ಸಿಕ್ಕೊಡನೆ ಸೆರಗಿನೊಳಗೆ, ಟಾವೆಲಿನೊಳಗೆ ಮುಚ್ಚಿಕೊಂಡರು.

"ನಾವು ಕೊಟ್ಟಿದ್ದಕ್ಕ ನಾವ ರೊಕ್ಕ ಕೊಡೂದು ಯಾವ ಊರ ನ್ಯಾಯರಿ? ಅರ್ಧಾ ಮಾಡ್ರಿ" ಎಂದ ಒಬ್ಬ.

"ಡಬ್ಬಿ ಐತಿ, ಮುಚ್ಚಳ ಎಲ್ಲಿ? ನಾವು ಮುಚ್ಚಳ ಸುದ್ದಾ ಕೊಟ್ಟಿದ್ವಿ" ಎಂದು ಜಗಳ ತೆಗೆದಳು ಒಬ್ಬಳು. ಮುಚ್ಚಳ ಹುಡುಕಿಕೊಟ್ಟೆ.

ಕೈಗಳು ಕೊಡುತ್ತಿದ್ದವು, ತೆಗೆದುಕೊಳ್ಳುತ್ತಿದ್ದವು. ಮುಖ ಮಾತ್ರ ಬೆಂಕಿಯಾಗಿತ್ತು. ನನ್ನ ಮದುವೆಗೆ ಬಂದು ಅಕ್ಷತೆ ಹಾಕಿದವರು, ಮಗಳ ತೊಟ್ಟಿಲು ತೂಗಿದವರು, ಒಬ್ಬೊಬ್ಬರಾಗಿ ಬಂದು ತಾವು ಕೊಟ್ಟದ್ದನ್ನು ರೊಕ್ಕ ಕೊಟ್ಟು ಬಿಡಿಸಿಕೊಂಡು ಹೋಗುತ್ತಿದ್ದರು. ಬೆಂಚುಗಳು ಖಾಲಿಯಾಗುತ್ತಿದ್ದವು. ಇಂಥ ಮಾರಾಟ ಶೈಲಾಳ ಫೋನಿನ ಪರದೇಶದವರೂ ಮಾಡಿರಲಿಕ್ಕಿಲ್ಲ. ನನಗೆ ಒಂದು ಕಾಸಿನ ಸಂತೋಷವೂ ಆಗಲಿಲ್ಲ.

ಹೊತ್ತು ಗುಡ್ಡದ ಹಿಂದೆ ಇಳಿಯುವಾಗ ಕಟ್ಟೆಯ ಮೇಲೆ ಉಳಿದದ್ದು ಒಂದೇ. ಅತ್ತೆಯ ತಾಮ್ರದ ಹಂಡೆ. ಅವರ ತಂದೆ ಮಗಳ ಮದುವೆಗೆ ಕೊಟ್ಟದ್ದು. "ಕಲ್ಲೇಶಪ್ಪ, ಹೊಳೆಮಣ್ಣೂರ" ಎಂದು ಹೆಸರಿತ್ತು. ಅದರ ಹೊಟ್ಟೆ ಎಷ್ಟು ದೊಡ್ಡದೆಂದರೆ ಖೋಲಿಯಲ್ಲಿ ಅದನ್ನಿಟ್ಟರೆ ಹಾಸಿಗೆ ಬಿಚ್ಚಲು ಬರುವುದಿಲ್ಲ. ಅದನ್ನು ಬಿಡಿಸಿಕೊಳ್ಳಲು ಯಾರೂ ಬರುವಂತಿರಲಿಲ್ಲ. ಹೊಳೆ ಉಕ್ಕಿ ಊರಿಗೆ ನುಗ್ಗಿದ ವರ್ಷ ಅವರ ತವರುಮನೆ ಕುಸಿದಿತ್ತು. ಅತ್ತೆಯ ತಮ್ಮಂದಿರು ನರಗುಂದ ಸೇರಿದ್ದರು, ಈಗ ಅವರೂ ಇಲ್ಲ.

ಬಂದವನು ರಮಜಾನಸಾಬ. ಎಲ್ಲ ಸುದ್ದಿ ಕೇಳಿಕೊಂಡೇ ಬಂದಿದ್ದ. ಹಂಡೆಗೆ ಒಂದು ಸುತ್ತು ಹಾಕಿದ. "ತಾಂಬ್ರಕ್ಕ ಈಗ ಭಾಳ ರೇಟ್ ಐತ್ರಿ ಅಕ್ಕಾ. ತೂಗಿಸಿದ್ರ ಇವತ್ತ ನೀವು ಮಾರಿದ್ದೆಲ್ಲಾ ಒಂದ ಕಡೆ, ಇದೊಂದ ಒಂದ ಕಡೆ" ಎಂದ.

ನಾನು ಅತ್ತೆಯನ್ನು ನೋಡಿದೆ. ಕರಾರು ನೆನಪಿಸುತ್ತಾರೆ ಎಂದುಕೊಂಡೆ. ಅವರು ನೆನಪಿಸಲಿಲ್ಲ. "ನಿನ್ನ ಖುಷಿ" ಎಂದರು, ಬೇರೆ ಕಡೆ ನೋಡುತ್ತ.

ಶೈಲಾ ನನ್ನ ಕಡೆ ನೋಡುತ್ತಿದ್ದಳು. ಹೂಂ ಎಂದರೆ ಮುಗಿಯಿತು. ಖೋಲಿ ಖಾಲಿ. ಬೆಳಿಗ್ಗೆಯಿಂದ ಇಷ್ಟು ಅನ್ನಿಸಿಕೊಂಡದ್ದು ಇದೊಂದು ಮಾತಿಗಾಗಿಯೇ. ಆದರೆ ಇಡೀ ದಿನ ಹೆಸರುಗಳನ್ನು ಓದಿದ ಕಣ್ಣಿಗೆ ಆ ಹೆಸರು ಈಗ ಗೀರಾಗಿ ಕಾಣಲಿಲ್ಲ.

"ಬ್ಯಾಡ ರಮಜಾನಸಾಬ. ತೂಗೂದಿಲ್ಲ ಇದನ್ನ" ಎಂದೆ.

ಅವನು ಹೋದ. ನಾನು ಹಂಡೆಯ ಒಂದು ಕಿವಿ ಹಿಡಿದು, "ಶೈಲಾ, ಆ ಕಡೆ ಹಿಡಿ. ಒಳಗ ಇಡೂಣು" ಎಂದೆ. ಅವಳು ಬರಲಿಲ್ಲ. ನಾನು ಅವಳ ಮುಖ ನೋಡಲು ಹೋಗಲಿಲ್ಲ.

"ಇದಕ್ಕ ಎಷ್ಟ ಬರದೀರಿ?" ಎಂದರು ಅತ್ತೆ ಕೂತಲ್ಲಿಂದಲೇ.

ಅವರು ಯಾಕೆ ಕೇಳುತ್ತಿದ್ದಾರೆಂದು ಗೊತ್ತಾಗದೆ ಚೀಟಿ ಓದಿದೆ. "ಐನೂರು."

"ಭಾಳಾತು. ಹಳೇ ಮಾಲು. ಇನ್ನೂರಕ್ಕ ಕೊಡು."

"ಅತ್ತಿ?"

"ಬಚ್ಚಲಕ ನೀರ ಕಾಸಾಕ ಒಂದ ಹಂಡೇ ಬೇಕಾಗೇತಿ. ಬಳಸೂವರಿಗೆ ಮಾರ್ತೀ ಇಲ್ಲೋ?" ಸಂಚಿಯ ಒಳಗಿನ ಒಳಚೀಲ ಬಿಚ್ಚಿ, ಮಡಿಕೆಯಾಗಿ ಸವೆದ ನೋಟುಗಳನ್ನು ಹೊರತೆಗೆದರು. "ಇನ್ನೂರು. ಕೊಡೂದಿದ್ರ ಕೊಡು, ಇಲ್ಲಾಂದ್ರ ಮುಂದಿನ ಅಂಗಡಿಗೆ ಹೋಗ್ತೀನಿ."

"ಕೊಡ್ತೀವಿ ಆಯೀ!" ಎಂದು ಶೈಲಾ ನನ್ನ ಪರವಾಗಿ ಕೂಗಿಬಿಟ್ಟಳು.

ಟಿಪ್ಪುಸಾಬ ಹಂಡೆಯನ್ನು ಹೆಗಲಿಗೇರಿಸಿ ಬಚ್ಚಲಿಗೆ ಇಳಿಸಿದ. ಬೆಳಗಿನ ತಪ್ಪಿಗೆ ಸಮ ಮಾಡುವವನಂತೆ ಖೋಲಿಯ ಬಾಗಿಲ ಕೀಲುಗಳಿಗೂ ಇಂಜಿನ್ ಎಣ್ಣೆ ಬಿಟ್ಟ. ಎಷ್ಟೋ ವರ್ಷದಿಂದ ಪೂರ್ತಿ ಮುಚ್ಚಿಯೇ ಇರದ ಬಾಗಿಲು ಅದು. ನನ್ನ ಗಂಡ ಅಂಗಡಿ ಮುಚ್ಚಿ ಬಂದವರು ಖಾಲಿ ಬೆಂಚುಗಳನ್ನು ನೋಡಿ, "ನಾಳಿಯಿಂದ ಅಂಗಡ್ಯಾಗ ನೀನ ಕುಂದರು. ನನ್ನ ಮಾಲು ಇಷ್ಟ ಲಗೂ ಎಂದೂ ಹೋಗಿಲ್ಲ" ಎಂದರು. ಹೊಗಳಿದ್ದಲ್ಲ ಎಂದು ನನಗೂ ಗೊತ್ತಿತ್ತು. ನಾಳೆಯಿಂದ ಒಂದೊಂದು ಮನೆಗೂ ಹೋಗಿ ಮಾತು ತೊಳೆದುಕೊಂಡು ಬರಬೇಕು. ಮೊದಲು ಪುರ್ತ‌ಗೇರಿಗೆ. ಅಲ್ಲಿ ಎಷ್ಟು ಹೊತ್ತು ಹೊಸ್ತಿಲಲ್ಲಿ ನಿಲ್ಲಿಸುತ್ತಾರೋ.

ದೀಪ ಹಚ್ಚಿ, ರೊಟ್ಟಿ ಬಡಿಯಲು ಕೂತೆ. ಶೈಲಾ ಖೋಲಿ ಗುಡಿಸಿದಳು, ನೆಲ ಒರೆಸಿದಳು, ಹಾಸಿಗೆ ಒಯ್ದಳು, ಪುಸ್ತಕ ಒಯ್ದಳು. ಆಮೇಲೆ ಬಾಗಿಲು ಮುಚ್ಚಿದ ಸದ್ದು. ಚಿಲಕ ಬಿದ್ದ ಸದ್ದು. ಪಡಸಾಲೆಯಲ್ಲಿ ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಆ ಕಡೆ ನೋಡಿದರು.

"ಶೈಲಾ, ಬಿಸಿ ರೊಟ್ಟಿ ಆಗ್ಯಾವ, ಬಾ" ಎಂದು ಕೂಗಿದೆ. ಇನ್ನೊಮ್ಮೆ ಕೂಗಿದೆ. ಸಿಟ್ಟು ಬಂತು. ಯಾರಿಗಾಗಿ ಇಡೀ ದಿನ ಊರಿನ ಮಾತು ಕೇಳಿದೆನೋ, ಅವಳಿಗೆ ನನ್ನ ದನಿಯೇ ಕೇಳಿಸುತ್ತಿಲ್ಲ. ತಟ್ಟೆಯಲ್ಲಿ ರೊಟ್ಟಿ, ಪಲ್ಯ ಹಾಕಿಕೊಂಡು ಎದ್ದೆ. ರೂಢಿಯಂತೆ ನೇರ ನೂಕಿ ಒಳಗೆ ಹೋಗುವವಳಿದ್ದೆ. ಬಾಗಿಲು ಅಲ್ಲಾಡಲಿಲ್ಲ. ಒಳಗೆ ಅವಳು ಏನೋ ಹಾಡಿಕೊಳ್ಳುತ್ತಿದ್ದಳು, ಬಹಳ ಸಣ್ಣ ದನಿಯಲ್ಲಿ, ತನಗಷ್ಟೇ ಕೇಳುವಂತೆ.

ತಟ್ಟೆಯನ್ನು ಎಡಗೈಗೆ ಬದಲಿಸಿಕೊಂಡು, ನನ್ನ ಮನೆಯ ಬಾಗಿಲನ್ನು ನಾನೇ ಮೆಲ್ಲಗೆ ತಟ್ಟಿದೆ.

"ಯಾರು?" ಎಂದಳು.